ಕ್ಯಾಲೆಂಡರಿನ ಚುಕ್ಕೆ ಕಲಿಸಿದ ಹೊಟ್ಟೆನೋವು

2022ರ ಸೆಪ್ಟೆಂಬರಿನಲ್ಲಿ ನೆರೆ ನುಗ್ಗಿ, ಬೆಂಗಳೂರಿನ ಬೆಳ್ಳಂದೂರಿನ ಸುತ್ತಮುತ್ತ ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ಆಗ ನನ್ನ ಕ್ಲಿನಿಕ್‌ಗೆ ಬಂದದ್ದು ವಾಂತಿಭೇದಿ. ಅದಕ್ಕೆ ಏನು ಮಾಡಬೇಕೆಂದು ನಿಮಗೆ ಹೇಳಬೇಕಾಗಿಲ್ಲ. ನನ್ನನ್ನು ಸೋಲಿಸಿದವರು ದೀಪಾವಳಿ ಕಳೆದ ಮೇಲೆ ಬಂದವರು. ನೀರು ಇಳಿದು ತಿಂಗಳುಗಳಾಗಿದ್ದರೂ ಎದೆಯುರಿ, ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಸಾಕೆನ್ನುವ ಹೊಟ್ಟೆ.

ಮೊದಲು ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆಯುತ್ತಾ ಹೋದೆ. ಇಳಿಯಲಿಲ್ಲ. ಜಪಾನಿನಲ್ಲಿ 1995 ಮತ್ತು 2011ರ ಭೂಕಂಪಗಳ ನಂತರ ರಕ್ತ ಸೋರುವ ಹುಣ್ಣುಗಳು ಹೆಚ್ಚಿದ್ದನ್ನು ಓದಿದ್ದೆ. ಹೆದರಿ ಆರೇಳು ಜನರಿಗೆ ಎಂಡೋಸ್ಕೋಪಿ ಮಾಡಿಸಿದೆ. ಕೂಲಿಯವರ ಹತ್ತಿರ ಹಣವೆಲ್ಲಿ? ಸುಮಾರು ಹದಿನೆಂಟು ಸಾವಿರ ನನ್ನ ಕೈಯಿಂದಲೇ ಹೋಯಿತು. ಹುಣ್ಣು ಸಿಕ್ಕಿದ್ದು ಒಬ್ಬರಿಗೆ ಮಾತ್ರ, ಅವರು ಮಂಡಿನೋವಿಗೆ ದಿನಾ ಹುಣ್ಣು ತರಬಲ್ಲ ನೋವಿನ ಮಾತ್ರೆ ನುಂಗುತ್ತಿದ್ದವರು.

"ಡಾಕ್ಟರೇ, ಮೋಡ ಕವಿದರೆ ಸಾಕು, ಹೊಟ್ಟೆ ಹಿಂಡುತ್ತದೆ" ಎಂದರು ಮನೆಗೆಲಸದ ಒಬ್ಬ ಹೆಂಗಸು. ಒಂದು ಸಂಜೆ ಅವರ ಶೆಡ್ಡಿಗೆ ಹೋದೆ. ತಟ್ಟೆ ಎಡಗೈಯಲ್ಲಿ, ಕಣ್ಣು ಹೊಸ್ತಿಲಿನಾಚೆಯ ಚರಂಡಿಯ ಮೇಲೆ, ನಿಂತೇ ಊಟ. ರೇಷನ್ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಸೊಂಟಕ್ಕೆ ಸಿಕ್ಕಿಸಿತ್ತು.

ಅವರ ಗೋಡೆಯ ಕ್ಯಾಲೆಂಡರಿನಲ್ಲೇ ಶುರುಮಾಡಿದೆ. ನೋವು ಬಂದರೆ ಚುಕ್ಕೆ, ನಿದ್ದೆಗೆಟ್ಟ ರಾತ್ರಿಗೆ ಅಡ್ಡಗೆರೆ. ಮೂರು ವಾರದಲ್ಲಿ ಗೊತ್ತಾಯಿತು: ಚುಕ್ಕೆಗಳೆಲ್ಲ ಗೆರೆಯ ಮರುದಿನವೇ. ನೀರು ಮತ್ತೆ ನುಗ್ಗೀತೆಂಬ ಭಯ ನಿದ್ದೆಯ ಜೊತೆ ಹೊಟ್ಟೆಯನ್ನೂ ಕೆಡಿಸುತ್ತಿತ್ತು. ಕಾಗದಪತ್ರಗಳನ್ನು ಅಟ್ಟಕ್ಕೇರಿಸಿ, ಏಳೂವರೆಗೆ ಕುಳಿತು ಊಟ ಮಾಡಿ, ಮಲಗುವ ಮುನ್ನ ಹತ್ತು ನಿಮಿಷ ಹೊಟ್ಟೆಯಿಂದ ನಿಧಾನ ಉಸಿರಾಡಲು ಹೇಳಿದೆ. ಇಂಥ ಬೇರೆ ಕೆಲವರಿಗೆ ಹೊಟ್ಟೆಯ ನರಗಳನ್ನು ಶಾಂತಗೊಳಿಸಲು ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ. ಕೊಟ್ಟೆ. ಗಂಡಸರು ಭಯವನ್ನು ಒಪ್ಪುವುದಿಲ್ಲ. ಅವರ ಬಾಯಿ ಬಿಡಿಸಲು ನನ್ನಲ್ಲಿ ಒಂದು ಪ್ರಶ್ನೆಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಎಲ್ಲರಿಗೂ ರಾಗಿ ಅಂಬಲಿ ಕುಡಿಸಿ ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಭೇದಿಯಾಗಿದ್ದ ನಾಲ್ಕೈದು ಜನರಿಗೆ ಹಾಲು ನಿಲ್ಲಿಸಿದಾಗ ಹೊಟ್ಟೆಯ ಗುಡುಗುಡು ತಾನೇ ನಿಂತಿತು. ಹಾಲಿಲ್ಲದ ಚಹಾಕ್ಕೆ ಒಪ್ಪಿಸಲು ಮಾತ್ರ ಸಾಕಾಯಿತು.

"ಚುಕ್ಕೆ ಇಟ್ಟರೆ ಗ್ಯಾಸ್ ಹೋಗುತ್ತದೆಯೇ?" ಎಂದು ಕೇಳಿದ ಹಿರಿಯ ವೈದ್ಯರೊಬ್ಬರು ಈಗ ತಮ್ಮ ರೋಗಿಗಳನ್ನು ನನ್ನ ಬಳಿಗೆ ಕಳಿಸುತ್ತಾರೆ. ಹೀಗೆ ಕ್ಯಾಲೆಂಡರು ಹಿಡಿದ ನಲವತ್ತು ಜನರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಆಮ್ಲದ ಮಾತ್ರೆ ಬಿಟ್ಟಿದ್ದಾರೆ. ಆ ಹೆಂಗಸಿನ ಕ್ಯಾಲೆಂಡರಿನಲ್ಲಿ ಮರುವರ್ಷದ ಮಳೆಗಾಲದಲ್ಲೂ ಗೆರೆಗಳಿದ್ದವು, ಚುಕ್ಕೆ ಎರಡೋ ಮೂರೋ. ಮಲ ಕಪ್ಪಾದವರನ್ನು, ಕಾರಣವಿಲ್ಲದೆ ತೂಕ ಇಳಿದವರನ್ನು ಮಾತ್ರ ನಾನು ಕ್ಯಾಲೆಂಡರಿಗೆ ಕೂರಿಸುವುದಿಲ್ಲ. ಅದೇ ದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತೇನೆ.