ಸೌದೆ ಎಲ್ಲಿ ಕೊಂಡಿರೋ ಅಲ್ಲೇ ಉರಿಸಿ: ಮೈಸೂರು, ಮಂಡ್ಯದಿಂದ ಅಮೆರಿಕಕ್ಕೆ ಹೊರಟವರಿಗೆ

ಚಳಿಗಾಲಕ್ಕೆ ನಾನು ಮಿಶಿಗನ್‌ನಿಂದ ಮೈಸೂರಿಗೆ ಬಂದರೆ ಸಾಕು, ಹೊಸದಾಗಿ ಅಮೆರಿಕಕ್ಕೆ ಹೊರಟವರು ಒಬ್ಬರಲ್ಲ ಒಬ್ಬರು ಮನೆಗೆ ಬರುತ್ತಾರೆ. ಎಂ.ಎಸ್. ಓದಲು ಹೊರಟ ಹುಡುಗರು, ಹೊಸ ಕೆಲಸ ಸಿಕ್ಕಿದ ಗಂಡ ಹೆಂಡತಿ, ಮಗಳ ಬಾಣಂತನಕ್ಕೆ ಹೊರಟ ಮಂಡ್ಯದ ಅಮ್ಮಂದಿರು. ಕುಕ್ಕರ್ ಎಷ್ಟು ಲೀಟರಿನದು ಒಯ್ಯಬೇಕು, ಸಾಂಬಾರ್ ಪುಡಿ ಬಿಡುತ್ತಾರಾ, ಕಾರು ಹೊಸದು ತಗೊಳ್ಳೋದಾ ಹಳೆಯದಾ, ಇವೇ ಪ್ರಶ್ನೆಗಳು. ಇದಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಸೌದೆ ವಿಷಯ ಹೇಳುತ್ತೇನೆ. ನಗಬೇಡಿ, ಮೊದಲ ಬೇಸಿಗೆಯಲ್ಲೇ ಕೆಲಸಕ್ಕೆ ಬರುತ್ತದೆ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಎಲ್ಲರಿಗೂ ಕ್ಯಾಂಪಿಂಗ್ ಹುಚ್ಚು. ಆಫೀಸಿನವರು ಕರೆಯುತ್ತಾರೆ, ಕನ್ನಡ ಸಂಘದವರು ಯಾವುದೋ ಸ್ಟೇಟ್ ಪಾರ್ಕ್ ಬುಕ್ ಮಾಡುತ್ತಾರೆ. ಕತ್ತಲಾಗುತ್ತಿದ್ದಂತೆ ಪ್ರತಿ ಟೆಂಟಿನ ಮುಂದೆ ಬೆಂಕಿ. ಜೋಳ ಸುಡುವುದು, ಅಂತ್ಯಾಕ್ಷರಿ, ಹರಟೆ. ಆ ಬೆಂಕಿಯ ಸೌದೆಗೆ ಅಲ್ಲಿ ಒಂದು ನಿಯಮ ಇದೆ: ಎಲ್ಲಿ ಉರಿಸುತ್ತೀರೋ ಅದರ ಹತ್ತಿರವೇ ಕೊಳ್ಳಬೇಕು. ಮನೆಯಿಂದ ಒಯ್ಯಬಾರದು, ಉಳಿದದ್ದನ್ನು ಮನೆಗೆ ತರಬಾರದು. ಹತ್ತಿರ ಅಂದರೆ ಎಷ್ಟು? 10 ಮೈಲಿ ಒಳಗಾದರೆ ಒಳ್ಳೆಯದು, 50 ಮೈಲಿ ದಾಟಲೇಬಾರದು. ಅಂದರೆ 80 ಕಿಲೋಮೀಟರ್. ಮೈಸೂರಿನ ಸೌದೆ ಮಂಡ್ಯ, ಮದ್ದೂರಿನವರೆಗೆ ಹೋಗಬಹುದು, ಬೆಂಗಳೂರು ಮುಟ್ಟಬಾರದು ಅಂತ ಲೆಕ್ಕ ಇಟ್ಟುಕೊಳ್ಳಿ. 'ಡೋಂಟ್ ಮೂವ್ ಫೈರ್‌ವುಡ್' ಅನ್ನುವ ಬೋರ್ಡನ್ನು ಹೆದ್ದಾರಿಯ ಪಕ್ಕ, ಪಾರ್ಕಿನ ಗೇಟಿನಲ್ಲಿ ನೋಡುತ್ತೀರಿ. ಹೇಳುತ್ತಿರುವುದು ಇದನ್ನೇ.

ನಮ್ಮ ಕಡೆಯವರಿಗೆ ಇದು ಸುಲಭವಾಗಿ ಒಗ್ಗುವುದಿಲ್ಲ. ಕಾಮನಹಬ್ಬಕ್ಕೆ ಬೀದಿ ಬೀದಿ ಸುತ್ತಿ ಸೌದೆ, ಬೆರಣಿ ಕದ್ದು ಬೆಳೆದವರು ನಾವು. ಬಿದ್ದ ಕೊಂಬೆ ಕಂಡರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಹಂಡೆ ಒಲೆಗೆ ಮಟ್ಟೆ, ಗರಿ, ಚಿಪ್ಪು, ಯಾವುದನ್ನೂ ಬಿಸಾಡಿದವರಲ್ಲ. ಅಲ್ಲಿ ಹೋದ ಮೇಲೆ ಹಿತ್ತಲಿನ ಮರ ಬಿದ್ದಿರುತ್ತದೆ, ಬಾಡಿಗೆ ವ್ಯಾನಿನಲ್ಲಿ ಜಾಗ ಇರುತ್ತದೆ. ನಾಲ್ಕು ಕಟ್ಟಿಗೆಗೆ ಡಾಲರ್ ಯಾಕೆ ಕೊಡಬೇಕು ಅಂತ ಎತ್ತಿ ಹಾಕಿಕೊಂಡು ಹೊರಡುತ್ತಾರೆ. ತಪ್ಪು ತಿಳಿಯಬೇಡಿ, ಅಮೆರಿಕದವರೂ ಹೀಗೇ ಮಾಡಿದ್ದಾರೆ. ಅದಕ್ಕೇ ಈ ಗತಿ ಬಂದಿರುವುದು. ಮಂಡ್ಯದ ಆಲೆಮನೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲೇ ಅರೆದ ಕಬ್ಬಿನ ಸಿಪ್ಪೆ ಅಲ್ಲೇ ಒಣಗಿ, ಅದೇ ಒಲೆಗೆ ಹೋಗುತ್ತದೆ. ಸೌದೆಯೂ ಹಾಗೆ ಇರಬೇಕು.

ಕಾರಣ ಹುಳ. ಚಿಕ್ಕಂದಿನಲ್ಲಿ ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕಿದ್ದೀರಲ್ವಾ? ಅದೇ ಕುಟುಂಬದ ಒಂದು ಸಣ್ಣ ಹುಳ ಇದೆ. ಹೆಸರು ಎಮರಾಲ್ಡ್ ಆಶ್ ಬೋರರ್. ಹಸಿರು ಮಿಂಚು, ಉದ್ದ ಅರ್ಧ ಇಂಚು ಅಷ್ಟೇ. ಪೂರ್ವ ಏಷ್ಯಾದ್ದು. ಸಾಮಾನು ತುಂಬಿದ ಮರದ ಪೆಟ್ಟಿಗೆಗಳ ಜೊತೆ ಬಂದಿರಬೇಕು ಅನ್ನುತ್ತಾರೆ. ಡೆಟ್ರಾಯಿಟ್ ಹತ್ತಿರ ಇದನ್ನು ಗುರುತಿಸಿದ್ದು 2002ರಲ್ಲಿ. ಅಷ್ಟು ಹೊತ್ತಿಗೆ ಹತ್ತು ವರ್ಷದಿಂದ ಅಲ್ಲೇ ಮೇಯುತ್ತಿತ್ತು. ಆಶ್ ಅನ್ನುವುದು ಅಲ್ಲಿನ ಬೀದಿಬದಿಯ ಮರ, ಬೇಸ್‌ಬಾಲ್ ಬ್ಯಾಟು ಮಾಡುತ್ತಿದ್ದ ಮರ. ಈ ಹುಳ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ಹಿಡಿದ ಮರ ಎರಡರಿಂದ ನಾಲ್ಕು ವರ್ಷದಲ್ಲಿ ಒಣಗುತ್ತದೆ. ಡೆಟ್ರಾಯಿಟ್ ಸುತ್ತಮುತ್ತ ಎಷ್ಟೋ ಬೀದಿಗಳಲ್ಲಿ ಸಾಲಿಗೆ ಸಾಲೇ ಕಡಿದರು. ನಮ್ಮ ಮೈಸೂರಿನ ಯಾವುದಾದರೂ ಸಾಲುಮರದ ರಸ್ತೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ, ಸಾಕು.

ತಾನಾಗಿ ಹಾರಿದರೆ ಈ ಹುಳ ವರ್ಷಕ್ಕೆ ಹೋಗುವುದು ಕೆಲವೇ ಮೈಲಿ. ಆದರೆ 2013ಕ್ಕೆ ಕೊಲೊರಾಡೊದ ಬೋಲ್ಡರ್‌ನಲ್ಲಿತ್ತು, 2022ಕ್ಕೆ ಒರೆಗಾನ್‌ನ ಫಾರೆಸ್ಟ್ ಗ್ರೋವ್‌ನಲ್ಲಿ. ಇಷ್ಟು ದೂರವನ್ನು ಅದು ರೆಕ್ಕೆ ಬಡಿದು ದಾಟಿಲ್ಲ. ಸೌದೆ, ದಿಮ್ಮಿ, ನರ್ಸರಿ ಗಿಡ, ಯಾವುದೋ ಒಂದರಲ್ಲಿ ಸವಾರಿ ಮಾಡಿದೆ. ಮಿಶಿಗನ್‌ನ ಮೇಲುತುದಿಗೆ ಹೋಗಲು ಮ್ಯಾಕಿನಾ ಸೇತುವೆ ದಾಟಬೇಕು. ಆ ಸೇತುವೆಯ ಹತ್ತಿರ ಸೌದೆ ತಪಾಸಣೆ ಇಟ್ಟಿದ್ದರು. ಹಾಗಿದ್ದೂ ಸೇತುವೆಯಾಚೆ ಹುಳ ಮೊದಲು ಸಿಕ್ಕಿತು, 2005ರಲ್ಲಿ, ಬ್ರಿಮ್ಲಿ ಸ್ಟೇಟ್ ಪಾರ್ಕಿನಲ್ಲಿ. ಅದು ಜನ ಟೆಂಟ್ ಹಾಕುವ ಜಾಗ.

ಒಂದು ಸಲ ನೋಡಿದರೆ ಮರೆಯುವುದಿಲ್ಲ. ಸತ್ತ ಆಶ್ ಮರದ ತೊಗಟೆಯನ್ನು ಉಗುರಿನಿಂದ ಎಬ್ಬಿಸಿದರೆ ಹಪ್ಪಳದ ಹಾಗೆ ಸುಲಿದು ಬರುತ್ತದೆ. ಒಳಗೆ ಬೆಳ್ಳನೆಯ ಮರದ ಮೇಲೆ ಹಾವು ಹರಿದಂತೆ ಅಂಕುಡೊಂಕು ಗೆರೆಗಳು, ಒಂದರ ಮೇಲೊಂದು. ಗೆರೆ ತುಂಬ ಹಿಟ್ಟಿನಂಥ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಮರಿಹುಳ ಕೆನೆ ಬಣ್ಣ, ಚಪ್ಪಟೆ. ಅದು ಗಟ್ಟಿಮರ ತಿನ್ನುವುದಿಲ್ಲ. ತೊಗಟೆಗೆ ಅಂಟಿಕೊಂಡ ರಸದ ಪದರವನ್ನು ಮಾತ್ರ ತಿನ್ನುತ್ತದೆ. ನೀರು, ಆಹಾರ ಓಡಾಡುವ ದಾರಿಯೇ ಅದು. ಸುತ್ತಲೂ ತಿಂದು ಮುಗಿಸಿದರೆ ಮೇಲಿನ ಕೊಂಬೆಗೆ ಏನೂ ಹೋಗುವುದಿಲ್ಲ. ದೊಡ್ಡದಾದ ಹುಳ ಹೊರಬಂದ ತೂತು ಗುಂಡಗಿರುವುದಿಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಅರ್ಧಚಂದ್ರ. ಅಗಲ ಮೂರು ನಾಲ್ಕು ಮಿಲಿಮೀಟರ್. ಹೊರಗಿನಿಂದ ಕಾಣುವುದು ಇಷ್ಟೇ. ಹುಳ ಇನ್ನೂ ಒಳಗೇ ಇದ್ದರೆ ಇದೂ ಕಾಣುವುದಿಲ್ಲ. ಅದಕ್ಕೇ 'ನಾನು ನೋಡಿಯೇ ತಂದೆ, ಹುಳ ಇಲ್ಲ' ಅನ್ನುವ ಮಾತಿಗೆ ಬೆಲೆ ಇಲ್ಲ.

'ಚೆನ್ನಾಗಿ ಒಣಗಿದೆ' ಅನ್ನುವುದಕ್ಕೂ ಇಲ್ಲ. ನಮ್ಮಲ್ಲಿ ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟ ಸೌದೆಗೂ ಕುಟ್ಟೆ ಬೀಳುತ್ತದೆ, ನೋಡಿದ್ದೀರಿ. ಕಡಿದ ಆಶ್ ದಿಮ್ಮಿಯೊಳಗೆ ಮರಿಹುಳ ಒಂದೆರಡು ವರ್ಷದವರೆಗೂ ಬದುಕಿ, ಬೇಸಿಗೆ ಬಂದಾಗ ಹಾರಿಹೋಗಬಹುದು. ಕೊಲ್ಲಬೇಕಾದರೆ ಬಿಸಿ ಬೇಕು. ಸೌದೆಯ ತಿರುಳು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿ, 60 ನಿಮಿಷ ಹಾಗೇ ಇರಬೇಕು. ನ್ಯೂಯಾರ್ಕ್‌ನಂಥ ಕಡೆ ಇನ್ನೂ ಬಿಗಿ, 71 ಡಿಗ್ರಿಯಲ್ಲಿ 75 ನಿಮಿಷ. ನಮ್ಮ ಏಪ್ರಿಲ್ ಬಿಸಿಲು ಕೂಡ ಇದರ ಹತ್ತಿರ ಬರುವುದಿಲ್ಲ.

ಹಾಗಾಗಿ ಪ್ಯಾಕೆಟ್ ಕೊಳ್ಳುವಾಗ ಚೀಟಿ ಓದಿ. 'ಹೀಟ್ ಟ್ರೀಟೆಡ್' ಅಂತ ಬರೆದು ಕೃಷಿ ಇಲಾಖೆಯ ಮುದ್ರೆ ಇದ್ದರೆ ದೂರ ಒಯ್ಯಬಹುದು. ಬರೀ 'ಕಿಲ್ನ್ ಡ್ರೈಡ್' ಅಂದರೆ ತೇವ ತೆಗೆದಿದ್ದಾರೆ ಅಂತ, ಹುಳ ಸಾಯುವಷ್ಟು ಕಾಯಿಸಿದ್ದಾರೆ ಅಂತ ಅಲ್ಲ. ಸೂಪರ್ ಮಾರ್ಕೆಟ್ ಮುಂದೆ ಪೇರಿಸಿಟ್ಟ ಕಟ್ಟು ಬೇರೆ ರಾಜ್ಯದಿಂದಲೂ ಬಂದಿರಬಹುದು, ಎಲ್ಲಿಯದು ಅಂತ ನೋಡಿಕೊಳ್ಳಿ. ಇಷ್ಟೆಲ್ಲ ತಲೆಬಿಸಿ ಬೇಡ ಅಂದರೆ ಪಾರ್ಕಿನ ಗೇಟಿನಲ್ಲೇ ಕೊಳ್ಳಿ, ಇಲ್ಲವೇ ಆ ಊರಿನ ರೈತರು ರಸ್ತೆ ಬದಿ ಇಟ್ಟಿರುತ್ತಾರೆ. ಮಿಕ್ಕಿದ್ದನ್ನು ಬೆಳಿಗ್ಗೆ ಕಾಫಿಗೆ ಉರಿಸಿ, ಇಲ್ಲ ಪಾರ್ಕಿನವರಿಗೇ ಕೊಟ್ಟು ಬನ್ನಿ. ಪಕ್ಕದ ಟೆಂಟಿನವರಿಗೆ ದಾನ ಮಾಡಬೇಡಿ, ಅವರು ಮನೆಗೆ ಒಯ್ದರೆ ಮತ್ತೆ ಅದೇ ಕಥೆ. ಗೊತ್ತಿಲ್ಲದೆ ಮನೆಯಿಂದ ತಂದೇಬಿಟ್ಟಿದ್ದರೆ? ವಾಪಸ್ ಒಯ್ಯಬೇಡಿ, ಪೊದೆಗೂ ಎಸೆಯಬೇಡಿ. ಅವತ್ತೇ ರಾತ್ರಿ ಪೂರ್ತಿ ಉರಿಸಿ. ಡಿಕ್ಕಿಯಲ್ಲಿ ಉದುರಿದ ತೊಗಟೆ, ಪುಡಿ ಗುಡಿಸಿ ಅದನ್ನೂ ಬೆಂಕಿಗೆ ಹಾಕಿ.

ಕಾನೂನಿನ ಮಾತು. ಆಶ್ ಹುಳದ ಮೇಲಿದ್ದ ಕೇಂದ್ರದ ನಿರ್ಬಂಧವನ್ನು 2021ರ ಜನವರಿಯಲ್ಲಿ ತೆಗೆದರು. ಹುಳ ಅಷ್ಟೊಂದು ಹರಡಿತ್ತು, ಬೇಲಿ ಹಾಕಿ ಪ್ರಯೋಜನ ಇರಲಿಲ್ಲ. ಇದನ್ನು ಕೇಳಿ 'ಈಗ ರೂಲ್ಸ್ ಇಲ್ಲ' ಅನ್ನುವವರು ಸಿಗುತ್ತಾರೆ. ಇದೆ. ರಾಜ್ಯ ರಾಜ್ಯಕ್ಕೂ ಬೇರೆ ಬೇರೆ ಇದೆ. ನ್ಯೂಯಾರ್ಕ್‌ಗೆ ಕಾಯಿಸದ ಸೌದೆ ಹೊರಗಿನಿಂದ ತರುವಂತಿಲ್ಲ, ಒಳಗೂ 50 ಮೈಲಿ ದಾಟಿಸುವಂತಿಲ್ಲ, ಎಲ್ಲಿಯದು ಅನ್ನುವುದಕ್ಕೆ ರಸೀದಿ ಕೈಯಲ್ಲಿರಬೇಕು. ನಯಾಗರ ನೋಡಲು ಎಲ್ಲರೂ ಹೋಗುತ್ತಾರಲ್ಲ, ಅದಕ್ಕೇ ಇದನ್ನು ಹೇಳಿದೆ. ಆ ಕಡೆ ಕೆನಡಾಕ್ಕೆ ದಾಟುವ ಪ್ಲಾನ್ ಇದ್ದರೆ ಗಾಡಿಯಲ್ಲಿ ಒಂದು ಕಡ್ಡಿ ಸೌದೆಯೂ ಬೇಡ.

ಆಶ್ ಹುಳ ಒಂದೇ ಅಲ್ಲ. ಏಷ್ಯನ್ ಲಾಂಗ್‌ಹಾರ್ನ್ಡ್ ಬೀಟಲ್ ಅನ್ನುವ ಕಪ್ಪು ಬಿಳಿ ಚುಕ್ಕಿಯ ದೊಡ್ಡ ದುಂಬಿ ಮೇಪಲ್ ಮರಕ್ಕೆ ಬೀಳುತ್ತದೆ. 1996ರಲ್ಲಿ ಬ್ರೂಕ್ಲಿನ್‌ನಲ್ಲಿ ಸಿಕ್ಕಿತು, 2008ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ. ಅಲ್ಲಿ ಅದನ್ನು ನಿಲ್ಲಿಸಲು 30 ಸಾವಿರಕ್ಕೂ ಜಾಸ್ತಿ ಮರ ಕಡಿಯಬೇಕಾಯಿತು. ಆದರೆ ಶಿಕಾಗೊ ಬೇಗ ಎಚ್ಚೆತ್ತು, ಹತ್ತು ವರ್ಷದಲ್ಲಿ ಪೂರ್ತಿ ತೊಲಗಿಸಿತು. ಆಗದ ಕೆಲಸವೇನಲ್ಲ.

ನೀವು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಾಯಿಸುವಾಗ ಬರುವುದು ಸ್ಪಾಂಜಿ ಮಾತ್ ಅನ್ನುವ ಪತಂಗದ ತಲೆನೋವು. 1869ರಲ್ಲಿ ಒಬ್ಬ ಮನುಷ್ಯ ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ ತನ್ನ ಪ್ರಯೋಗಕ್ಕೆ ಯುರೋಪಿನಿಂದ ತಂದ ಹುಳ ಅದು. ತಪ್ಪಿಸಿಕೊಂಡದ್ದು ಇವತ್ತಿಗೂ ಓಕ್ ಕಾಡನ್ನು ಬೋಳು ಮಾಡುತ್ತಿದೆ. ಇದು ಕಂದು ಬಣ್ಣದ, ರೋಮ ರೋಮದ ಮೊಟ್ಟೆಯ ಪಟ್ಟಿಯನ್ನು ಸೌದೆ ಮೇಲಷ್ಟೇ ಅಲ್ಲ, ಹಿತ್ತಲ ಕುರ್ಚಿ, ಮಕ್ಕಳ ಸೈಕಲ್, ಬಾರ್ಬೆಕ್ಯೂ ಒಲೆ, ಟೆಂಟಿನ ಚೀಲ, ಎಲ್ಲದಕ್ಕೂ ಅಂಟಿಸುತ್ತದೆ. ಈ ಪತಂಗ ಇರುವ ಜಾಗದಿಂದ, ಉದಾಹರಣೆಗೆ ಮಿಶಿಗನ್‌ನಿಂದ, ಇಲ್ಲದ ಟೆಕ್ಸಾಸ್ ಕಡೆಗೆ ಹೊರಟರೆ ಹೊರಗಿಟ್ಟ ಸಾಮಾನನ್ನು ನೀವೇ ಪರೀಕ್ಷಿಸಿ, ಬರೆದ ಪಟ್ಟಿಯನ್ನು ಗಾಡಿಯಲ್ಲಿ ಇಟ್ಟುಕೊಳ್ಳಬೇಕು. ಕೇಂದ್ರದ ಕಾನೂನು ಇದು. ಸಾಮಾನು ಸಾಗಿಸುವವರು ಕೇಳದೇ ಇರಬಹುದು, ನೀವು ಮಾಡಿ. ಕೆರೆದು ಸೋಪಿನ ನೀರಿಗೆ ಹಾಕಿದರೆ ಮುಗಿಯಿತು.

ಈಗ ಸೂಟ್‌ಕೇಸ್ ವಿಷಯಕ್ಕೆ ಬರೋಣ. ಗೃಹಪ್ರವೇಶಕ್ಕೆ ಬೇಕಾಗುತ್ತದೆ ಅಂತ ಅತ್ತಿ, ಮುತ್ತುಗ, ಅರಳಿ ಸಮಿತ್ತಿನ ಕಟ್ಟು ಇಲ್ಲಿಂದಲೇ ಒಯ್ಯುವವರು ತುಂಬ ಜನ. ತೊಗಟೆ ಸಮೇತ ಇರುವ ಕಡ್ಡಿ, ಅದೇ ಕಾರಣಕ್ಕೆ ಅಪಾಯ. ಇದ್ದರೆ ಅಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ನೀವಾಗಿಯೇ ಹೇಳಿ. ಹೇಳದೆ ಸಿಕ್ಕಿಬಿದ್ದರೆ ದಂಡ. ಹೇಳಿದರೆ ಹೆಚ್ಚೆಂದರೆ ಕಿತ್ತುಕೊಂಡು ಕಳಿಸುತ್ತಾರೆ. ಬೆರಣಿ ಅಂತೂ ಬೇಡವೇ ಬೇಡ, ಕಾಲುಬಾಯಿ ಜ್ವರದ ಭಯಕ್ಕೆ ಅದು ನಿಷಿದ್ಧ. 2021ರಲ್ಲಿ ವಾಷಿಂಗ್ಟನ್ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಭಾರತದಿಂದ ಬಂದ ಸೂಟ್‌ಕೇಸ್‌ನಲ್ಲಿ ಎರಡು ಬೆರಣಿ ಸಿಕ್ಕಿ, ಸುಟ್ಟು ನಾಶ ಮಾಡಿದ್ದು ಅಲ್ಲಿ ಸುದ್ದಿಯಾಗಿತ್ತು. ಹೋಮಕ್ಕೆ ಅಲ್ಲೇ ಸಿಗುವ 'ಹೀಟ್ ಟ್ರೀಟೆಡ್' ಸೌದೆಯ ಪ್ಯಾಕೆಟ್ ಸೀಳಿ, ಜೊತೆಗೆ ಒಣಕೊಬ್ಬರಿ, ತುಪ್ಪ ಇಟ್ಟುಕೊಂಡರೆ ಸಾಕು. ಸಮಿತ್ತಿಗೆ ಬದಲು ಏನು ಅಂತ ಅಲ್ಲಿನ ಪುರೋಹಿತರನ್ನೇ ಕೇಳಿ.

ಕರಿಬೇವು ಸೌದೆಯಲ್ಲ, ಆದರೂ ಹೇಳದೆ ಬಿಡಲಾರೆ. ಹಸಿ ಕರಿಬೇವು ಒಯ್ಯುವಂತಿಲ್ಲ. ಅದು ನಿಂಬೆ, ಕಿತ್ತಳೆಯ ನಂಟಿನ ಗಿಡ. ಅದರ ಮೇಲೆ ಕೂರುವ ಒಂದು ಸಣ್ಣ ಜಿಗಿಹುಳ ಕಿತ್ತಳೆ ಮರ ಕೊಲ್ಲುವ ರೋಗ ಹರಡುತ್ತದೆ. ಫ್ಲೋರಿಡಾಕ್ಕೆ ಹುಳ 1998ರಲ್ಲಿ ಬಂತು, ರೋಗ 2005ರಲ್ಲಿ. ಅಲ್ಲಿನ ಕಿತ್ತಳೆ ತೋಟಗಳು ಪಾಳುಬಿದ್ದವು. ಫ್ಲೋರಿಡಾದ, ಕ್ಯಾಲಿಫೋರ್ನಿಯಾದ ಗೆಳೆಯರು ಕುಂಡದಲ್ಲಿ ಕರಿಬೇವು ಕೊಟ್ಟರೆ ಪ್ರೀತಿಯಿಂದ ಬೇಡ ಅನ್ನಿ. ನಿಮ್ಮ ರಾಜ್ಯದ ನರ್ಸರಿಯಲ್ಲೇ ಸಿಗುತ್ತದೆ, ದುಬಾರಿ ಅಷ್ಟೇ.

ಮಂಡ್ಯದ ರೇಷ್ಮೆ ಬೆಳೆಗಾರರಿಗೆ ಇದೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯ ಅಮೆರಿಕದ ಪಪ್ಪಾಯಿ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಹಿಪ್ಪುನೇರಳೆಗೂ ಬಿತ್ತು. ಬೆಂಗಳೂರಿನ ಸರ್ಕಾರಿ ಸಂಸ್ಥೆ 2010ರಲ್ಲಿ, ಆ ತಿಗಣೆಯೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜದ ಹುಳವನ್ನು ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಮೇಲೆ ಹತೋಟಿಗೆ ಬಂತು. ನಮ್ಮ ಅದೃಷ್ಟ. ಆಶ್ ಹುಳಕ್ಕೂ ಚೀನಾದಿಂದ ಕಣಜ ತಂದು 2007ರಿಂದ ಬಿಡುತ್ತಿದ್ದಾರೆ. ಆದರೆ ಅದರಲ್ಲಿ ಮುಖ್ಯವಾದ ಕಣಜಕ್ಕೆ ದಪ್ಪ ತೊಗಟೆ ಚುಚ್ಚಲು ಆಗುವುದಿಲ್ಲ, ಎಳೆ ಮರಕ್ಕೆ ಮಾತ್ರ ಉಪಯೋಗ. ನೀವು ಕೊಂಡ ಮನೆಯ ಮುಂದೆ ದೊಡ್ಡ ಆಶ್ ಇದ್ದರೆ ಕಾಂಡಕ್ಕೆ ಎಮಾಮೆಕ್ಟಿನ್ ಬೆಂಜೋಯೇಟ್ ಇಂಜೆಕ್ಷನ್ ಕೊಡಿಸಬಹುದು. ಹೌದು, ಇಲ್ಲಿ ಮೆಕ್ಕೆಜೋಳದ ಸೈನಿಕ ಹುಳುವಿಗೆ ಹೊಡೆಯುತ್ತಾರಲ್ಲ, ಅದೇ ಔಷಧ. ಎರಡು ಮೂರು ವರ್ಷಕ್ಕೊಮ್ಮೆ ಕೊಡಿಸಬೇಕು, ಖರ್ಚಿದೆ.

ಅನುಮಾನದ ಹುಳ ಕಂಡರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆದು, ಆ ರಾಜ್ಯದ ಕೃಷಿ ಇಲಾಖೆಗೆ ಕಳಿಸಿ. ಹುಳ ಸಿಕ್ಕರೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ವೀಸಾ ಏನು, ಯಾವ ದೇಶದವರು ಅಂತ ಯಾರೂ ಕೇಳುವುದಿಲ್ಲ, ಭಯ ಬೇಡ. ಇನ್ನು ದಸರಾ ಗೊಂಬೆ ಕೂರಿಸಲು ಚೆನ್ನಾಗಿರುತ್ತದೆ ಅಂತ ಅಲ್ಲಿಂದ ಪೈನ್ ಕಾಯಿ, ತೊಗಟೆ ತುಂಡು ಮೈಸೂರಿಗೆ ತರುವ ರೂಢಿ ಶುರುವಾಗಿದೆ. ಭಾರತದಲ್ಲೂ 2003ರಿಂದ ಗಿಡಮರದ ವಸ್ತು ತರುವುದಕ್ಕೆ ಕ್ವಾರಂಟೈನ್ ಆದೇಶ ಇದೆ. ಚನ್ನಪಟ್ಟಣದಲ್ಲಿ ಎರಡು ಗೊಂಬೆ ಜಾಸ್ತಿ ಕೊಂಡು ಕೂರಿಸಿ, ಪೈನ್ ಕಾಯಿ ಅಲ್ಲೇ ಇರಲಿ.