ಕಾವೇರಿ ಜಗಳದ ಕಾಲದಲ್ಲಿ ಒಂದೇ ಕೋಣೆಯಲ್ಲಿ

1991ರಲ್ಲಿ ನಾನು ಬೆಂಗಳೂರಿನಲ್ಲಿ ಕೃಷಿ ಪದವಿ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ತಮಿಳುನಾಡಿನ ನಾಗಪಟ್ಟಣದ ಕಡೆಯವನು. ನಮ್ಮದು ಮಳವಳ್ಳಿ ಸೀಮೆ. ಮನೆಯವರು ಹಸಿರು ಶಾಲು ಹೊದ್ದು ರೈತ ಸಂಘದ ಮೆರವಣಿಗೆಗೆ ಹೋಗುವವರು. ಅವನ ತಂದೆ ನಾಸ್ತಿಕವಾದಿ ಪೆರಿಯಾರ್ ಅನುಯಾಯಿ. ನಾನು ದೇವಸ್ಥಾನದ ಒಳಗೆ ಹೋದರೆ ಅವನು ಹೊರಗೆ ಚಪ್ಪಲಿ ಕಾಯುತ್ತಿದ್ದ. ಅದರಿಂದೇನೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ನೀರಿನಿಂದ.

ಆ ವರ್ಷದ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿಯು ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿಗೆ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಸೇರಬೇಕೆಂದೂ, ಕರ್ನಾಟಕ ತನ್ನ ಕಾವೇರಿ ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದೆಂದೂ ಮಧ್ಯಂತರ ಆದೇಶ ಕೊಟ್ಟಿತು. ಸ್ನೇಹ ಉಳಿಯಬೇಕಾದರೆ ಆ ವಿಷಯ ಎತ್ತಬೇಡಿ ಎಂದು ಹಿರಿಯರು ಬುದ್ಧಿ ಹೇಳಿದರು. ನಮಗೆ ಅದು ಹಿಡಿಸಲಿಲ್ಲ. ಬಾಯಿ ಕಟ್ಟಿಕೊಂಡು ಒಂದೇ ಕೋಣೆಯಲ್ಲಿ ಮಲಗುವುದಕ್ಕಿಂತ ಜಗಳವಾಡುವುದೇ ವಾಸಿ ಎನಿಸಿತು. ಮೆಸ್ಸಿನಲ್ಲಿ, ನಾಲ್ಕು ಜನರೆದುರು, ವಾದ ಮಾಡಬಾರದೆಂಬುದೊಂದೇ ನಮ್ಮ ಕರಾರು, ಏಕೆಂದರೆ ಅಲ್ಲಿ ಇಬ್ಬರೂ ನಮ್ಮ ನಮ್ಮ ಕಡೆಯವರ ಚಪ್ಪಾಳೆಗಾಗಿ ಮಾತನಾಡುತ್ತಿದ್ದೆವು. ಕೋಣೆಯೊಳಗೆ ಅವನು ತಮಿಳು ಪತ್ರಿಕೆಯನ್ನು ನನಗೆ ಬಿಡಿಸಿ ಹೇಳುತ್ತಿದ್ದ, ನಾನು ಕನ್ನಡ ಪತ್ರಿಕೆಯನ್ನು ಅವನಿಗೆ ಓದುತ್ತಿದ್ದೆ.

ಅಕ್ಟೋಬರ್ ಹೊತ್ತಿಗೆ ಈಶಾನ್ಯ ಮಾರುತದ ಮಳೆ ಬರುವ ಊರಿನವರಿಗೆ ಜೂನ್‌ನಲ್ಲೇ ನಮ್ಮ ನೀರಿನಿಂದ ಕುರುವೈ ಎಂಬ ಭತ್ತದ ಬೆಳೆ ಏಕೆ ಎಂದು ನಾನು ಕೇಳುತ್ತಿದ್ದೆ. ನೀರಿಲ್ಲವೆನ್ನುವ ಮಂಡ್ಯದಲ್ಲಿ ವರ್ಷವಿಡೀ ನೀರು ಕುಡಿಯುವ ಕಬ್ಬು ಏಕೆ ಎಂದು ಅವನು ಕೇಳುತ್ತಿದ್ದ. ಒಮ್ಮೆ ರಜೆಯಲ್ಲಿ ಅವನನ್ನು ನಮ್ಮೂರಿಗೆ ಕರೆದೊಯ್ದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗವದು. ಕಟ್ಟು ನೀರಿನ ಸರದಿ ಬಂದಿದ್ದರೂ ತೂಬಿನ ಬಾಯಲ್ಲಿ ಹುಲ್ಲು ಒಣಗಿ ನಿಂತಿತ್ತು, ಮೇಲಿನ ಊರಿನವರು ರಾತ್ರೋರಾತ್ರಿ ತಿರುಗಿಸಿಕೊಂಡರೆಂದು ನಮ್ಮಪ್ಪ ಬೈಯುತ್ತಿದ್ದರು. ಅವನು ನಕ್ಕುಬಿಟ್ಟ, ಏಕೆಂದರೆ ಅವನ ಊರೂ ಕೊನೆ ಭಾಗದ್ದೇ, ಮತ್ತು ಅವರಪ್ಪ ತಂಜಾವೂರಿನ ಮೇಲಣ ಊರುಗಳವರನ್ನು ಹೀಗೆಯೇ ಬೈಯುತ್ತಿದ್ದರಂತೆ. ಅಲ್ಲಿಂದಾಚೆಗೆ ನಮ್ಮ ವಾದದ ಧಾಟಿ ಬದಲಾಯಿತು. ರಾಜ್ಯ ರಾಜ್ಯಗಳ ಪಾಲಿನ ಲೆಕ್ಕದ ಜೊತೆಗೆ, ಬಂದ ನೀರನ್ನು ನಮ್ಮವರೇ ಹೇಗೆ ಹಂಚಿಕೊಳ್ಳುತ್ತಾರೆಂಬ ಮಾತೂ ಸೇರಿಕೊಂಡಿತು. ಆ ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಪಕ್ಷ.

ಡಿಸೆಂಬರ್‌ನಲ್ಲಿ ಆದೇಶ ರಾಜಪತ್ರದಲ್ಲಿ ಪ್ರಕಟವಾಗಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆ, ಬೆಂಕಿ ಶುರುವಾದಾಗ ಅವನು ಹಾಸ್ಟೆಲು ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಊಟ ಕೋಣೆಗೇ ತರುತ್ತಿದ್ದೆ. ಆದೇಶ ಅನ್ಯಾಯದ್ದೆಂದು ಆ ದಿನಗಳಲ್ಲೂ ಅವನಿಗೆ ಹೇಳಿದೆ. ಬೀದಿಯಲ್ಲಿ ನಡೆಯುತ್ತಿರುವುದು ಹೇಸಿಗೆ ಎಂದು ಊರಿಗೆ ಹೋದಾಗ ನಮ್ಮವರಿಗೂ ಹೇಳಿದೆ. ಅವನ ಸಲುವಾಗಿ ನನ್ನ ಅಭಿಪ್ರಾಯವನ್ನು ಮೆತ್ತಗೆ ಮಾಡಿದ್ದರೆ ಅದನ್ನು ಅವನು ಕನಿಕರವೆಂದೇ ತಿಳಿಯುತ್ತಿದ್ದ, ಮತ್ತು ಕನಿಕರ ಅವನಿಗೆ ಆಗದ ಮಾತು.

ಈಗಲೂ ಮಳೆ ಕೈಕೊಟ್ಟ ವರ್ಷ ಫೋನಿನಲ್ಲಿ ಜಗಳವಿದ್ದೇ ಇರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು 404.25 ಟಿಎಂಸಿಗೆ ಇಳಿಸಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿದಾಗ, ಅದರಲ್ಲಿ ಬೆಂಗಳೂರಿನ ಬಾಬತ್ತಿನ 4.75 ಟಿಎಂಸಿಗೆ ಅವನ ತಕರಾರು. ನಿನ್ನ ಮಗಳು ವೈಟ್‌ಫೀಲ್ಡಿನಲ್ಲಿ ಕುಡಿಯುವುದು ಯಾವ ನೀರು ಎಂದು ಕೇಳಿದೆ. ಅಲ್ಲಿಗೆ ಟ್ಯಾಂಕರ್ ನೀರು ಬರುತ್ತದೆ, ಮೊದಲು ನಿಮ್ಮ ಕೆರೆಗಳನ್ನು ನೋಡಿಕೊಳ್ಳಿ ಎಂದ.