ಬಾಮೈದನ ಜೊತೆ ಓಡಿದ್ದು, ನನ್ನದೇ ಪೇಸಿನಲ್ಲಿ

ಹಾಫ್ ಮ್ಯಾರಥಾನ್‌ನಲ್ಲಿ, ಅಂದ್ರೆ 21 ಕಿಲೋಮೀಟರ್ ಚಿಲ್ಲರೆ ಓಟದಲ್ಲಿ, ನಾನು 2:25ರ (ಎರಡು ಗಂಟೆ ಇಪ್ಪತ್ತೈದು ನಿಮಿಷ) ಆಸುಪಾಸಿನವನು, ಬಾಮೈದ 1:42ರವನು. ನಾವಿಬ್ಬರೂ ಒಟ್ಟಿಗೆ ತಯಾರಿ ಮಾಡ್ತೀವಿ ಅಂದಾಗ ಮೈಸೂರಿನ ನಮ್ಮ ಓಟದ ಬಳಗದಲ್ಲಿ ನಗದವರು ಕಡಿಮೆ. "ಒಬ್ಬರಿಗೆ ಗಾಯ, ಇನ್ನೊಬ್ಬರಿಗೆ ಬೇಜಾರು, ಮೂರು ತಿಂಗಳು ನಡೆದರೆ ಹೆಚ್ಚು" ಅಂದರು ಹಿರಿಯರೊಬ್ಬರು. ಈ ಸಲ ಬೆಂಗಳೂರಿನ ಹಾಫ್‌ನಲ್ಲಿ ನನ್ನದು 2:08, ಅವನದು 1:36 ಚಿಲ್ಲರೆ. ಈಗ ಅದೇ ಹಿರಿಯರು ಶೆಡ್ಯೂಲ್ ಕಳಿಸಿ ಅಂತ ಬೆನ್ನುಬಿದ್ದಿದ್ದಾರೆ.

ಮೊದಲು ಎಲ್ಲರಂತೆ ಪಕ್ಕಪಕ್ಕದಲ್ಲೇ ಓಡುತ್ತಿದ್ದೆವು. ನನ್ನ ಈಸಿ ಪೇಸ್, ಅಂದ್ರೆ ಆರಾಮಾಗಿ ಓಡುವಾಗ ಒಂದು ಕಿಲೋಮೀಟರಿಗೆ ಹಿಡಿಯೋ ಹೊತ್ತು, ಏಳು ನಿಮಿಷ, ಅವನದು ಐದೂವರೆ. ನಡುವೆ ಆರೂಕಾಲಕ್ಕೆ ರಾಜಿ. ನನಗೆ ಪ್ರತಿ ಈಸಿಯೂ ಟೆಂಪೋ (ಏದುಸಿರು ಬರಿಸೋ ಜೋರು ಓಟ) ಆಯ್ತು, ಅವನಿಗೆ ಟೆಂಪೋ ಕೂಡ ವಾಕಿಂಗ್. "ಭಾವ, ನಿಮ್ಮ ಉಸಿರು ಕೇಳಿದ್ರೆ ನನಗೇ ಸುಸ್ತಾಗುತ್ತೆ" ಅನ್ನೋನು. ನನ್ನ ಮೀನಖಂಡ ಹಿಡಿದುಕೊಂಡು, ಫಿಸಿಯೋಗೆ ಸಲಕ್ಕೆ ಆರುನೂರರಂತೆ ಎರಡು ತಿಂಗಳು ಸುರಿದೆ. ಅವನ ವೇಗ ತಗ್ಗಿಸೋಣ ಅಂತ ಬೆನ್ನಿಗೆ ಆರು ಲೀಟರ್ ನೀರಿನ ಬ್ಯಾಗ್ ಕಟ್ಟಿದ್ದೂ ಆಯ್ತು; ಎರಡನೇ ವಾರಕ್ಕೆ ಅವನ ಸೊಂಟ ಹಿಡಿದು, ನನ್ನ ಹೆಂಡತಿ ತಮ್ಮನ ಪರವಾಗಿ ನನ್ನನ್ನು ತರಾಟೆಗೆ ತಗೊಂಡಳು. ಕೋಚಿಂಗ್ ಫೀಸು, ಎದೆಗೆ ಕಟ್ಟೋ ಹಾರ್ಟ್‌ರೇಟ್ ಪಟ್ಟಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯ್ತು. ಕೊನೆಗೆ ಕೈಹಿಡಿದದ್ದು ಸಾವಿರ ರೂಪಾಯಿಯೊಳಗಿನ ಕ್ಯಾಸಿಯೋ ವಾಚು.

ಭಾನುವಾರದ ಲಾಂಗ್ ರನ್‌ಗೆ ದೂರದ ಲೆಕ್ಕ ಬಿಟ್ಟು ಗಡಿಯಾರ ಹಿಡಿದೆವು. ಒಟ್ಟಿಗೆ ಹೊರಡೋದು, ಅವರವರ ಪೇಸಿನಲ್ಲಿ ನಲವತ್ತೈದು ನಿಮಿಷ ಮುಂದಕ್ಕೆ, ಬೀಪ್ ಅಂದ ಜಾಗದಲ್ಲೇ ತಿರುಗಿ ವಾಪಸ್. ಅವನು ಹದಿನಾರು ಕಿಲೋಮೀಟರ್ ಮುಗಿಸಿರ್ತಾನೆ, ನಾನು ಹದಿಮೂರು. ಹೊರಟ ಜಾಗಕ್ಕೆ ಇಬ್ಬರೂ ಒಂದೇ ಹೊತ್ತಿಗೆ. ಇದು ಹಲವರಿಗೆ ಗೊತ್ತು. ಇದರೊಳಗಿನ ಪೊಲೀಸ್ ಕೆಲಸವನ್ನು ಮಾತ್ರ ಹೆಚ್ಚಿನವರು ಗಮನಿಸಿಲ್ಲ. ಹೋಗುವಾಗ ನಾನು ಜೋಶ್‌ನಲ್ಲಿ ಆರೂವರೆಗೆ ಇಳಿದರೆ, ಬರುವಾಗ ಕಾಲು ಸೋತು, ಮುಗಿಯೋಕೆ ಇನ್ನೊಂದು ಕಿಲೋಮೀಟರ್ ಇರುವಾಗಲೇ ಹಿಂದಿನಿಂದ ಅವನ ಶೂ ಸದ್ದು ಬರುತ್ತೆ. ಅವನು ಮೊದಲರ್ಧ ಹಾರಿದರೆ ನನ್ನನ್ನು ಹಿಡಿಯೋಕೇ ಆಗಲ್ಲ. ಮೊದಲು ಬಂದವರಿಗೆ ಮಸಾಲೆದೋಸೆ, ಬಿಲ್ಲು ಸೋತವರದ್ದು. ಪೇಸ್ ಹಿಡಿಯೋದನ್ನ ಆ ಹಾರ್ಟ್‌ರೇಟ್ ಪಟ್ಟಿಗಿಂತ ಈ ದೋಸೆ ಚೆನ್ನಾಗಿ ಕಲಿಸಿತು.

ಕುಕ್ಕರಹಳ್ಳಿ ಕೆರೆಯಲ್ಲಿ ಬೇರೆ ಆಟ. ಸುತ್ತು ಹೆಚ್ಚೂಕಮ್ಮಿ ನಾಲ್ಕೂವರೆ ಕಿಲೋಮೀಟರ್. ಗೇಟಿನಿಂದ ಅವನು ಬಲಕ್ಕೆ, ನಾನು ಎಡಕ್ಕೆ. ಹದಿನಾಲ್ಕನೇ ನಿಮಿಷದ ಹೊತ್ತಿಗೆ ನನ್ನ ಕಡೆಯಿಂದ ಎರಡು ಕಿಲೋಮೀಟರ್ ಹತ್ತಿರ, ಒಂದು ಕಲ್ಲುಬೆಂಚಿನ ಬಳಿ ಎದುರಾಗಬೇಕು. ಬೆಂಚು ಇನ್ನೂ ದೂರ ಇರುವಾಗಲೇ ಅವನ ತಲೆ ಕಂಡರೆ, ಒಂದೋ ಅವನು ಜೋರು ಮಾಡಿದ್ದಾನೆ, ಇಲ್ಲ ನಾನು ನಿಧಾನ ಮಾಡಿದ್ದೇನೆ. ಯಾರು ಅನ್ನೋದನ್ನ ಗಡಿಯಾರ ಹೇಳುತ್ತೆ. ನಿಲ್ಲೋದಿಲ್ಲ, ಕೈಗೆ ಕೈ ತಟ್ಟಿ ಮುಂದಕ್ಕೆ.

ಇಂಟರ್ವಲ್‌ಗೂ ಗಡಿಯಾರವೇ: ನಾಲ್ಕು ನಿಮಿಷ ಜೋರು, ಮೂರು ನಿಮಿಷ ಬಿಡುವು. ಬಿಡುವಿನಲ್ಲಿ ಮುಂದಿರೋನು ಹಿಂದಕ್ಕೆ ಜಾಗ್ ಮಾಡಿ ಬಂದು ಸೇರ್ಕೋಬೇಕು. ರೇಸಿಗೆ ಮುಂಚಿನ ಮೂರು ವಾರ ಯಾರು ಎಷ್ಟು ಮುಂಚೆ ಹೊರಡಬೇಕು ಅನ್ನೋ ಲೆಕ್ಕ ಒಂದಿದೆ, ಅದನ್ನ ಇಲ್ಲಿ ಬರೆಯಲ್ಲ. ಬಾಮೈದನೂ ಇದನ್ನ ಓದ್ತಾನೆ.

ನಡುವೆ ಜೆಲ್ (ಓಡುವಾಗ ಶಕ್ತಿಗೆ ನುಂಗೋ ಸಿಹಿ ಪೇಸ್ಟ್) ಬಿಟ್ಟು ಕಡಲೆಬೀಜದ ಚಿಕ್ಕಿ ಪರೀಕ್ಷೆ ಮಾಡಿದೆವು. ಒಣಗಿದ ಬಾಯಲ್ಲಿ ಅಗಿಯೋಕಾಗದೆ ಕೆಮ್ಮಿ ಕೆಮ್ಮಿ ನಿಂತೆ. ಉಪ್ಪು ಹಾಕಿದ ಬೆಲ್ಲದ ಪಾನಕ ಪರವಾಗಿಲ್ಲ, ನೂರಕ್ಕಿಂತ ಹೆಚ್ಚು ಕೊಟ್ಟು ಜೆಲ್ ತಗೊಳ್ಳೋದು ರೇಸಿನ ದಿನಕ್ಕೆ ಮಾತ್ರ. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಮಾತ್ರ ಯಾವ ಜೋಡಿ ಲೆಕ್ಕವೂ ಕೂಡಿಬರಲಿಲ್ಲ, ಇಳಿಯುವಾಗ ನನ್ನ ಮಂಡಿಯದ್ದೇ ತೀರ್ಮಾನ. ಅಲ್ಲಿ ಬೇರೆ ಬೇರೆ ದಿನ ಹೋಗ್ತೀವಿ.

ಮಾಡಿ ನೋಡೋರು ಹೋಗುವ ದಿಕ್ಕಿಗೆ ಏರು ಇರೋ ರಸ್ತೆ ಆರಿಸಿ. ಮೊದಲೇ ಇಳಿಜಾರು ಸಿಕ್ಕರೆ ಇಬ್ಬರೂ ಸಿಕ್ಕಾಪಟ್ಟೆ ದೂರ ಹೋಗಿಬಿಡ್ತಾರೆ, ಬರುವಾಗ ಏರು ಹತ್ತಬೇಕಾಗಿ ನಲವತ್ತೈದರ ಲೆಕ್ಕ ಕೆಟ್ಟು ದೋಸೆ ಯಾರದ್ದು ಅಂತ ಜಗಳ ಶುರುವಾಗುತ್ತೆ.